ಬೇಲಿಯ ಗೌರಿ ಹೂ: ಅಗೆದರೆ ಸಿಗೋದು ಗೆಣಸಲ್ಲ, ವಿಷ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಮಳೆಗಾಲದಲ್ಲಿ ಬೇಲಿ ಮೇಲೆ ಕೆಂಪು-ಹಳದಿ ಹೂ ಬೆಂಕಿ ಹತ್ತಿದ ಹಾಗೆ ಕಾಣುತ್ತಲ್ಲ, ಅದೇ ಗೌರಿ ಹೂ. ಅಗ್ನಿಶಿಖೆ ಅಂತಲೂ ಕರೀತಾರೆ. ಹೂ ಇದ್ದಾಗ ಯಾರು ಬೇಕಾದರೂ ಗುರುತಿಸ್ತಾರೆ. ನನಗೆ ಭಯ ಹೂವಿಲ್ಲದ ದಿನಗಳದ್ದು. ಅದೇ ಬೇಲಿಯಲ್ಲಿ ಕಾಡುಗೆಣಸಿನ ಬಳ್ಳಿಯೂ ಇರಬಹುದು, ಅಗೆದರೆ ಎರಡಕ್ಕೂ ಗಡ್ಡೆ.

ನಾನು ಮೊದಲು ನೋಡೋದು ಎಲೆಯ ತುದಿ. ಗೌರಿ ಹೂವಿನ ಎಲೆ ಉದ್ದ, ನರಗಳು ಬುಡದಿಂದ ತುದಿವರೆಗೆ ಸಾಲಾಗಿ ಓಡುತ್ತವೆ. ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡ್ಕೊಳ್ಳುತ್ತೆ. ಗೆಣಸಿಗೆ ಈ ಸುರುಳಿ ಇಲ್ಲ. ಅದರ ಕಾಂಡವೇ ಸುತ್ತಿಕೊಂಡು ಏರುತ್ತೆ. ಎಲೆ ಹೆಚ್ಚಾಗಿ ಹೃದಯದಾಕಾರ, ಕೆಲವು ಜಾತಿಯಲ್ಲಿ ಐದು ಎಲೆ ಬೆರಳಿನಂತೆ. ಮೊಬೈಲಲ್ಲಿ ಫೋಟೊ ತೆಗೆಯೋದಾದರೆ ಈ ತುದಿಯನ್ನೇ ಹತ್ತಿರದಿಂದ ತೆಗೀರಿ.

ಬೇಸಿಗೆಯಲ್ಲಿ ಬಳ್ಳಿ ಒಣಗಿ ಗಡ್ಡೆ ಮಾತ್ರ ಮಣ್ಣಲ್ಲಿ ಉಳಿಯುತ್ತೆ. ಅದು ನೇಗಿಲಿನಂತೆ ಬಾಗಿರುತ್ತೆ, ಸಂಸ್ಕೃತದ ಲಾಂಗಲಿ ಅನ್ನೋ ಹೆಸರು ಅದಕ್ಕೇ. ಆದರೂ ಬರೀ ಗಡ್ಡೆಯ ಆಕಾರ ನೋಡಿ, ಇಲ್ಲವೇ ಆ್ಯಪ್ ಹೇಳಿದ ಹೆಸರು ನಂಬಿ ಬೇಯಿಸೋಕೆ ಇಡಬೇಡಿ.

ಹಳೆ ಪುಸ್ತಕಗಳಲ್ಲಿ ಇದು ಲಿಲ್ಲಿ ಕುಟುಂಬದ ಗಿಡ. ಈಗ ಕೊಲ್ಚಿಕೇಸಿ ಕುಟುಂಬಕ್ಕೆ ಸೇರಿದೆ. ಇದರ ವಿಷದ ಹೆಸರು ಕೊಲ್ಚಿಸಿನ್. ಔಷಧಕ್ಕೆಂದು ತಮಿಳುನಾಡಿನ ರೈತರು ಇದನ್ನು ಬೀಜಕ್ಕಾಗಿ ಬೆಳೀತಾರೆ! ಬೇಯಿಸಿದರೂ ಈ ವಿಷ ಹೋಗಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತೆ. ನಡುವೆ ಸುಧಾರಿಸಿದಂತೆ ಕಂಡರೂ ಮನೆಯಲ್ಲಿ ಕಾಯಬೇಡಿ, ಆಮೇಲೆ ಮೂತ್ರಪಿಂಡ, ಹೃದಯಕ್ಕೂ ತೊಂದರೆಯಾಗಬಹುದು. ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಉಳಿದ ಗಡ್ಡೆಯ ಚೂರು, ಬಳ್ಳಿಯ ಫೋಟೊ ಎರಡನ್ನೂ ಡಾಕ್ಟರಿಗೆ ತೋರಿಸಿ.