ಕಂಪ್ಯೂಟರ್ ಏಳುತ್ತಿಲ್ಲವೇ? ಮೊದಲು ಎಲ್ಲಿ ನಿಂತಿದೆ ನೋಡಿ

ಬೇಸಿಗೆ ಬಂತೆಂದರೆ ನಂದವರಂ, ಎಮ್ಮಿಗನೂರು, ಆದವಾನಿ ಕಡೆಯ ಡೆಸ್ಕ್‌ಟಾಪ್ ಕಂಪ್ಯೂಟರುಗಳಿಗೆ ಕಷ್ಟಕಾಲ. ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಎರೆಮಣ್ಣಿನ ಧೂಳು ಏಳುತ್ತದೆ, ಗುಡುಗು ಮಳೆ ಬಂದ ದಿನ ಕರೆಂಟು ಹೋಗಿ ಬಂದು ಮಾಡುತ್ತದೆ. ಜಿನ್ನಿಂಗ್ ಮಿಲ್ಲುಗಳಿರುವ ಆದವಾನಿಯಲ್ಲಿ ಹತ್ತಿಯ ನವಿರು ಎಳೆಯೂ ಧೂಳಿನ ಜೊತೆ ಸೇರಿಕೊಳ್ಳುತ್ತದೆ. ಹತ್ತಿ ಮಂಡಿಯ ಲೆಕ್ಕ, ಗೊಬ್ಬರದಂಗಡಿಯ ಬಿಲ್ಲು, ಕನ್ನಡ, ತೆಲುಗು ಎರಡರಲ್ಲೂ ಮದುವೆ ಕಾರ್ಡು ಮಾಡಿಕೊಡುವ ಡಿಟಿಪಿ ಅಂಗಡಿಯ ಕೆಲಸ, ಎಲ್ಲವೂ ಒಂದು ಬಟನ್ ಕೈಕೊಟ್ಟರೆ ನಿಂತುಹೋಗುತ್ತವೆ.

ಆಗ ‘ಮದರ್‌ಬೋರ್ಡ್ ಹೋಗಿದೆ’, ‘ಫಾರ್ಮ್ಯಾಟ್ ಹೊಡೆಯಬೇಕು’ ಎಂಬ ತೀರ್ಪಿಗೆ ಅವಸರ ಬೇಡ. ಕರೆಂಟು ಗೋಡೆಯ ಸಾಕೆಟ್ಟಿನಿಂದ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಡಬ್ಬಿಗೆ, ಅಲ್ಲಿಂದ ಮದರ್‌ಬೋರ್ಡಿಗೆ ಬರುತ್ತದೆ. ಬೋರ್ಡು ರ್‍ಯಾಮ್, ಡಿಸ್‌ಪ್ಲೇ ಸರಿಯಿವೆಯೇ ಎಂದು ನೋಡಿಕೊಂಡು, ಆಮೇಲೆ ಡಿಸ್ಕಿನಿಂದ ವಿಂಡೋಸನ್ನು ಎಬ್ಬಿಸುತ್ತದೆ. ತುಂಗಭದ್ರಾ ಕೆಳಮಟ್ಟದ (ಎಲ್‌ಎಲ್‌ಸಿ) ಕಾಲುವೆಯ ನೀರು ಕೊನೆಯ ಹೊಲಕ್ಕೆ ಬಾರದಿದ್ದರೆ ತೂಬಿನಿಂದ ನೋಡುತ್ತ ಬರುತ್ತೇವಲ್ಲ, ಇಲ್ಲೂ ಅದೇ ಕ್ರಮ. ಎಲ್ಲಿ ನಿಂತಿದೆ ಎಂದು ತಿಳಿದರೆ ಅರ್ಧ ರಿಪೇರಿ ಮುಗಿದಂತೆ.

ಶುರು ಮಾಡುವ ಮುನ್ನ

ಕ್ಯಾಬಿನೆಟ್ ಬಿಚ್ಚುವುದಿದ್ದರೆ ಸ್ವಿಚ್ ಆರಿಸಿ ಪವರ್ ಕೇಬಲ್ ಕಿತ್ತು ಪಕ್ಕಕ್ಕಿಡಿ. ಬಳಿಕ ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಕರೆಂಟು ಇಳಿಯುತ್ತದೆ. ಒಣ ಹವೆಯಲ್ಲಿ ಮೈಮೇಲಿನ ಸ್ಥಿರ ವಿದ್ಯುತ್ತೂ ಚಿಪ್ಪುಗಳನ್ನು ಕೆಡಿಸಬಲ್ಲದು. ಒಳಗೆ ಕೈಹಾಕುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಕೇಬಲ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಸುಟ್ಟ ವಾಸನೆ ಬಂದಿದ್ದರೆ ಮತ್ತೆ ಆನ್ ಮಾಡಿ ನೋಡುವ ಪ್ರಯತ್ನವೇ ಬೇಡ.

ಲೈಟಿಲ್ಲ, ಸದ್ದಿಲ್ಲ, ಫ್ಯಾನೂ ತಿರುಗುತ್ತಿಲ್ಲ

1. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟು ಇದೆಯೇ ನೋಡಿ.

2. ಯುಪಿಎಸ್ ಬಿಟ್ಟು, ಪವರ್ ಕೇಬಲ್ಲನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ. ಸಣ್ಣ ಯುಪಿಎಸ್‌ಗಳಲ್ಲಿರುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಎರಡು–ಮೂರು ವರ್ಷಕ್ಕೆ ಸೋಲುತ್ತದೆ. ಬಿಸಿಲೂರಿನಲ್ಲಿ ಇನ್ನೂ ಬೇಗ. ಬ್ಯಾಟರಿ ಪೂರ್ತಿ ಸತ್ತರೆ ಲೈನಿನಲ್ಲಿ ಕರೆಂಟಿದ್ದರೂ ಆನ್ ಆಗದ ಯುಪಿಎಸ್‌ಗಳುಂಟು. ನೇರ ಹಾಕಿದಾಗ ಕಂಪ್ಯೂಟರ್ ಎದ್ದರೆ ಕೆಟ್ಟಿರುವುದು ಯುಪಿಎಸ್.

3. ಕ್ಯಾಬಿನೆಟ್ಟಿನ ಹಿಂದೆ ಎಸ್‌ಎಂಪಿಎಸ್ ಪಕ್ಕದ ಸಣ್ಣ ಸ್ವಿಚ್ ನೋಡಿ. ಗೆರೆಯ ಕಡೆ ಒತ್ತಿದ್ದರೆ ಆನ್, ಸೊನ್ನೆಯ ಕಡೆ ಇದ್ದರೆ ಆಫ್. ಕಸ ಗುಡಿಸುವಾಗ ಕೈತಾಗಿ ಆಫ್ ಆಗಿರಬಹುದು.

4. ಮಾನಿಟರಿನ ಪವರ್ ಕೇಬಲ್ ಬಹುತೇಕ ಕ್ಯಾಬಿನೆಟ್ಟಿಗೂ ಹೊಂದುತ್ತದೆ. ಅದನ್ನು ಹಾಕಿ ಪರೀಕ್ಷಿಸಿ.

5. ಪಕ್ಕದ ಬಾಗಿಲು ತೆಗೆದು, ಕೇಬಲ್ ಮತ್ತೆ ಹಾಕಿ, ಒಳಗೆ ಕೈಯಿಡದೆ ನೋಡಿ. ಹಲವು ಮದರ್‌ಬೋರ್ಡುಗಳಲ್ಲಿ ಕರೆಂಟು ತಲುಪಿದೆ ಎನ್ನುವುದಕ್ಕೆ ಸಣ್ಣ ಲೈಟೊಂದು ಉರಿಯುತ್ತಿರುತ್ತದೆ. ಲೈಟಿದ್ದೂ ಬಟನ್ ಕೆಲಸ ಮಾಡದಿದ್ದರೆ ಮುಂಭಾಗದ ಬಟನ್ನಿನಿಂದ ಬೋರ್ಡಿಗೆ ಬರುವ ಸಣ್ಣ ವೈರು ಕಳಚಿರಬಹುದು, ಬಟನ್ನೇ ಸವೆದಿರಬಹುದು. ಅಂಥ ಲೈಟಿರುವ ಬೋರ್ಡಿನಲ್ಲಿ ಅದು ಆರಿದ್ದರೆ ಅನುಮಾನ ಎಸ್‌ಎಂಪಿಎಸ್ ಮೇಲೆ.

6. ಕೇಬಲ್ ಮತ್ತೆ ಕಿತ್ತು, 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ನಿನ ಕನೆಕ್ಟರ್ ಎರಡನ್ನೂ ಬಿಗಿಯಾಗಿ ಕೂರಿಸಿ. ಹಲ್ಲಿ, ಇರುವೆ ಸೇರಿಕೊಂಡಿದ್ದರೆ, ಇಲಿ ವೈರು ಕಡಿದಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಇಷ್ಟಾದರೂ ಜೀವ ಬಾರದಿದ್ದರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದು ಅಂಗಡಿಯವರ ಕೆಲಸ. ಬೋರ್ಡ್ ಬದಲಿಸುವ ಮೊದಲು ಆ ಪರೀಕ್ಷೆ ಆಗಲೇಬೇಕು.

ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಮೊದಲು ಮಾನಿಟರನ್ನು ವಿಚಾರಿಸಿ. ಅದರ ಲೈಟು ಕಿತ್ತಳೆ ಬಣ್ಣಕ್ಕಿದ್ದರೆ ಸಾಮಾನ್ಯವಾಗಿ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ವಿಜಿಎ ಅಥವಾ ಎಚ್‌ಡಿಎಂಐ ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಗಿ ಮಾಡಿ, ಮಾನಿಟರಿನ ಬಟನ್ನಿನಿಂದ ಸರಿಯಾದ ಇನ್‌ಪುಟ್ ಆರಿಸಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು.

ಅಲ್ಲಿ ತಪ್ಪಿಲ್ಲದಿದ್ದರೆ ಮುಂದಿನ ಅನುಮಾನ ರ್‍ಯಾಮ್. ಧೂಳಿನ ಊರುಗಳಲ್ಲಿ ಈ ದೋಷ ಸಾಮಾನ್ಯ, ಪರಿಹಾರಕ್ಕೆ ಖರ್ಚೂ ಇಲ್ಲ. ಕೇಬಲ್ ಕಿತ್ತು, ಸ್ಲಾಟಿನ ತುದಿಯ ಕ್ಲಿಪ್ ಒತ್ತಿ ರ್‍ಯಾಮ್ ತೆಗೆಯಿರಿ. ಬಂಗಾರ ಬಣ್ಣದ ಅಂಚನ್ನು ಒಣ ಮೆತ್ತನೆ ಬಟ್ಟೆಯಿಂದಲೋ ಮೆದು ರಬ್ಬರಿನಿಂದಲೋ ಹಗುರವಾಗಿ ಉಜ್ಜಿ, ಪುಡಿ ಒರೆಸಿ. ಸ್ಲಾಟಿನ ಧೂಳು ತೆಗೆದು, ಕಚ್ಚು ಹೊಂದಿಸಿ, ‘ಟಕ್’ ಎಂದು ಕ್ಲಿಪ್ ಕೂರುವವರೆಗೆ ಒತ್ತಿ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಸಿಕ್ಕಿಬೀಳುತ್ತದೆ.

ಬೋರ್ಡಿನಲ್ಲಿ ಸ್ಪೀಕರ್ ಇದ್ದರೆ ಬೀಪ್ ಎಣಿಸಿ ಬರೆದುಕೊಳ್ಳಿ. ಒಂದೇ ಸಣ್ಣ ಬೀಪ್ ಬಹುತೇಕ ‘ಎಲ್ಲ ಸರಿ’ ಎಂಬ ಸೂಚನೆ. ಉಳಿದ ಬೀಪುಗಳ ಅರ್ಥ ಕಂಪನಿಗೊಂದು, ಬೋರ್ಡಿನ ಕೈಪಿಡಿಯಲ್ಲಿ ಸಿಗುತ್ತದೆ.

ಏಳುತ್ತದೆ, ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ

ಇದು ಹೆಚ್ಚಾಗಿ ಬಿಸಿಯ ಕಾಟ. ಪ್ರೊಸೆಸರ್ ಸುಮಾರು 100 ಡಿಗ್ರಿ ಮುಟ್ಟುವ ಹೊತ್ತಿಗೆ ಮೊದಲು ನಿಧಾನವಾಗುತ್ತದೆ, ಬಿಸಿ ಇಳಿಯದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಪ್ರೊಸೆಸರ್ ಮೇಲಿನ ಫ್ಯಾನಿನಡಿ ಅಲ್ಯುಮಿನಿಯಂ ಹಲ್ಲುಗಳ ನಡುವೆ ಹತ್ತಿಯೆಳೆ, ಧೂಳು ದಪ್ಪನಾಗಿ ಕೂತಿರುತ್ತದೆ. ಗಾಳಿ ಒಳಗೆ ಹೋಗುವುದೇ ಇಲ್ಲ. ಕ್ಯಾಬಿನೆಟ್ಟನ್ನು ಹೊರಗೆ ಒಯ್ದು, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದು ಬ್ಲೋವರ್ ಹೊಡೆಯಿರಿ. ಹಿಡಿಯದಿದ್ದರೆ ಫ್ಯಾನು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡ. ಧೂಳು ಹೋದರೂ ಬಿಸಿ ಇಳಿಯದಿದ್ದರೆ ಪ್ರೊಸೆಸರಿಗೂ ಆ ಹಲ್ಲುಗಳ ಲೋಹಕ್ಕೂ ನಡುವಿನ ಥರ್ಮಲ್ ಪೇಸ್ಟ್ ಒಣಗಿರಬಹುದು, ಅದನ್ನು ಹೊಸದಾಗಿ ಹಚ್ಚಿಸಿ.

ಅಕ್ಷರ ಮೂಡುತ್ತದೆ, ವಿಂಡೋಸ್ ಬರುವುದಿಲ್ಲ

ಇಲ್ಲಿಗೆ ಬಂದಿದೆ ಎಂದರೆ ಎಸ್‌ಎಂಪಿಎಸ್, ಬೋರ್ಡು, ರ್‍ಯಾಮ್ ಬಹುಮಟ್ಟಿಗೆ ಪಾಸಾದವು.

‘ನೋ ಬೂಟಬಲ್ ಡಿವೈಸ್’ ಎಂಬ ಸಾಲು ಬಂದರೆ ಮೊದಲು ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿ. ಆನ್ ಆದ ತಕ್ಷಣ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಯಂತ್ರ ಆಫ್ ಮಾಡಿ, ಸಾಟಾ ಕೇಬಲ್ ಎರಡೂ ತುದಿಯಲ್ಲಿ ಬಿಗಿ ಮಾಡಿ. ದಿನಾಂಕ ಹಳೆಯ ವರ್ಷಕ್ಕೆ ಹೋಗಿದ್ದರೆ ಬೋರ್ಡಿನ ಮೇಲಿನ ಸಿಆರ್2032 ಬಟನ್ ಸೆಲ್ ಮುಗಿದಿದೆ. 3 ವೋಲ್ಟಿನ ಆ ಸೆಲ್ ಸತ್ತಾಗ ಬಯಾಸ್ ತನ್ನ ಸೆಟ್ಟಿಂಗ್ ಮರೆತು ಡಿಸ್ಕನ್ನು ಗುರುತಿಸದೇ ಹೋಗಬಹುದು. ಸೆಲ್ ಬದಲಿಸಿ, ದಿನಾಂಕವನ್ನೂ ಬೂಟ್ ಸೆಟ್ಟಿಂಗನ್ನೂ ಸರಿಪಡಿಸಿ.

ವಿಂಡೋಸ್ ಅರ್ಧಕ್ಕೆ ನಿಂತು ನೀಲಿ ಪರದೆ ಬಂದರೆ ಅದರ ಮೇಲಿನ ಬರಹವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ವಿಂಡೋಸ್ 10, 11ರಲ್ಲಿ ಎರಡು–ಮೂರು ಸಲ ಏಳಲು ಸೋತ ಮೇಲೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಮೊದಲು ‘ಸ್ಟಾರ್ಟಪ್ ರಿಪೇರ್’ ಪ್ರಯತ್ನಿಸಿ. ಆಗದಿದ್ದರೆ ‘ಸ್ಟಾರ್ಟಪ್ ಸೆಟ್ಟಿಂಗ್ಸ್’ನಿಂದ ರೀಸ್ಟಾರ್ಟ್ ಮಾಡಿ, ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಕಂಪ್ಯೂಟರ್ ಎದ್ದರೆ ಇತ್ತೀಚೆಗೆ ಹಾಕಿದ ಪ್ರೋಗ್ರಾಂ, ಡ್ರೈವರ್ ತೆಗೆಯಿರಿ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ನಿಂತವು, ವಿಮಾನಗಳೂ ತಡವಾದವು. ಅದಕ್ಕೆ ಕಂಪ್ಯೂಟರ್ ಸಿಬ್ಬಂದಿ ಮಾಡಿದ ಮುಖ್ಯ ಪರಿಹಾರವೇನು? ಸೇಫ್ ಮೋಡಿಗೆ ಹೋಗಿ ಆ ಅಪ್‌ಡೇಟಿನ ಫೈಲನ್ನು ಅಳಿಸುವುದು. ನೀಲಿ ಪರದೆ ಬಂತೆಂದರೆ ಫಾರ್ಮ್ಯಾಟೇ ಗತಿ ಎಂದು ಯಾರಾದರೂ ಹೇಳಿದರೆ ಇದು ನೆನಪಿರಲಿ. ಆದರೆ ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ್ದರೆ ಸೇಫ್ ಮೋಡಿಗೂ 48 ಅಂಕಿಯ ಕೀ ಬೇಕಾಗಬಹುದು; ಯಂತ್ರ ಸರಿಯಿರುವಾಗಲೇ ಬರೆದಿಟ್ಟುಕೊಳ್ಳಿ.

ಹಾರ್ಡ್ ಡಿಸ್ಕಿನಿಂದ ‘ಟಕ್ ಟಕ್’ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಪ್ರತಿ ಸಲ ಆನ್ ಮಾಡಿದಾಗಲೂ ಉಳಿದ ಫೈಲುಗಳು ಕೈತಪ್ಪುವ ಅಪಾಯ ಹೆಚ್ಚುತ್ತದೆ.

ಅಂಗಡಿಗೆ ಒಯ್ಯುವಾಗ

ಯಾವ ಹಂತದಲ್ಲಿ ನಿಂತಿತು, ಎಷ್ಟು ಬೀಪ್ ಬಂತು, ಪರದೆಯಲ್ಲಿ ಏನಿತ್ತು, ಹಿಂದಿನ ದಿನ ಸಿಡಿಲು ಅಥವಾ ವೋಲ್ಟೇಜ್ ಏರುಪೇರು ಆಗಿತ್ತೇ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಫಾರ್ಮ್ಯಾಟ್ ಮಾಡಲೇಬೇಕೆಂದರೆ ಮೊದಲು ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಫೈಲುಗಳನ್ನು ಕಾಪಿ ಮಾಡಿಸಿ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಇರುವುದು ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ, ಅಳಿಯುವುದೂ ಅದೇ ಮೊದಲು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ, ನುಡಿಯನ್ನು ಮತ್ತೆ ಹಾಕಿಸಿದರೆ ಓದಬಹುದು. ತೆಲುಗಿನ ಅನು ಫಾಂಟುಗಳಿಗೂ ಇದೇ ಮಾತು. ಬದಲಿಸಿದ ಹಳೆಯ ಭಾಗವನ್ನು, ಹೊಸ ಭಾಗದ ಬಿಲ್ಲನ್ನು ಕೇಳಿ ಪಡೆಯಿರಿ.

ಮತ್ತೆ ಹೀಗಾಗದಂತೆ ಮೂರು ಪಿನ್ನಿನ ಸಾಕೆಟ್ಟಿಗೆ ನಿಜವಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಗುಡುಗುವಾಗ ಪ್ಲಗ್ ಜೊತೆ ಇಂಟರ್‌ನೆಟ್ ಕೇಬಲ್ಲನ್ನೂ ಕೀಳಿ, ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬೋರ್ಡಿಗೆ ಬರುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ, ಹತ್ತಿ ಸುಗ್ಗಿ ಮುಗಿದ ಮೇಲೆ ಒಮ್ಮೆ ಒಳಗಿನ ಧೂಳು ತೆಗೆಯಿರಿ. ಲೆಕ್ಕದ ಫೈಲುಗಳನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಿತ್ತು ಬೀರುವಿನಲ್ಲಿಡಿ.