ಕಿರುನಿಲ್ದಾಣದ ಬಣ್ಣ

ಮೇಜಿನ ಮೇಲೆ ಹಳಿ ಹಾಸಿ, ಅಂಗೈಯಗಲದ ನಿಲ್ದಾಣವನ್ನು ಕಟ್ಟಿ, ಗೇಣುದ್ದದ ಗಾಡಿಗಳನ್ನು ಓಡಿಸುವ ಹವ್ಯಾಸವನ್ನು ಮಕ್ಕಳಾಟವೆಂದು ನಗುವವರುಂಟು. ಆದರೆ ಒಂದು ಬಾಗಿಲಿನ ಬಣ್ಣಕ್ಕಾಗಿ ತಿಂಗಳುಗಟ್ಟಲೆ ಹಳೆಯ ಚಿತ್ರಗಳನ್ನು ಹುಡುಕುವ ವಯಸ್ಕರು ಈ ಹವ್ಯಾಸಿಗಳಲ್ಲಿ ಅನೇಕರಿದ್ದಾರೆ. ಗೋಡೆಯ ಉದ್ದಗಲಗಳನ್ನು ನಕ್ಷೆಯಿಂದ ತಿಳಿಯಬಹುದು. ಕೆಡವಿಹಾಕಿದ ಕಟ್ಟಡಕ್ಕೆ ಬಳಿದಿದ್ದ ಬಣ್ಣ ಯಾವ ಛಾಯೆಯದೆಂದು ತಿಳಿಯುವುದು ಅಷ್ಟು ಸುಲಭವಲ್ಲ.

ಈ ಶ್ರಮದ ಹಿಂದಿನ ಕಾರಣವನ್ನು ರಾಯ್ ಇಂಗ್ಲೆಂಡ್ ಎಂಬಾತನ ಬಾಳಿನಲ್ಲಿ ಕಾಣಬಹುದು. ಆತ 1925ರಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಬಂದವನು. ವೈಟ್ ಹಾರ್ಸ್ ಕಣಿವೆಯ ಹುಲ್ಲುಮಾಡಿನ ಹಳೆಯ ಮನೆಗಳು ಅವನ ಮನಸ್ಸನ್ನು ಸೆಳೆದವು. ಆದರೆ ಅವನ ಕಣ್ಣೆದುರಿಗೇ ಆ ಮನೆಗಳು ಒಂದೊಂದಾಗಿ ರೂಪಗೆಡುತ್ತಿದ್ದವು. ಅವು ಅಳಿಯುವುದನ್ನು ತಡೆಯುವ ಶಕ್ತಿ ಅವನಿಗಿರಲಿಲ್ಲ. ಅವುಗಳ ಪ್ರತಿಕೃತಿಯನ್ನಾದರೂ ಉಳಿಸೋಣವೆಂದು ಅವನು ನಿಶ್ಚಯಿಸಿದನು. 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಗ್ರಾಮದಲ್ಲಿ ಅವನು ಆರಂಭಿಸಿದ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ ಆ ಹಳ್ಳಿಗಾಡೂ ಅದರ ರೈಲುಮಾರ್ಗವೂ ಎಪ್ಪತ್ತಾರರಲ್ಲಿ ಒಂದು ಪಾಲಿನ ಅಳತೆಯಲ್ಲಿ ರೂಪುಗೊಂಡವು. ರಟ್ಟಿನ ಮೇಲೆ ಇಟ್ಟಿಗೆಗಳ ಗೆರೆಗಳನ್ನು ಕೊರೆದು ಜಲವರ್ಣದಿಂದ ಬಣ್ಣವಿಡುವುದು ಅಲ್ಲಿಯ ಪದ್ಧತಿ. ಅಳಿದುಹೋದುದಕ್ಕೆ ಸಾಕ್ಷಿಯಾಗಿ ಪ್ರತಿಕೃತಿಯೊಂದೇ ನಿಲ್ಲುವಾಗ, ತಪ್ಪು ಬಣ್ಣವೆಂಬುದು ಸುಳ್ಳುಸಾಕ್ಷಿಯೇ ಆಗುತ್ತದೆ.

ಆ ಸೀಮೆಯಲ್ಲಿ ಗಾಡಿಗಳನ್ನು ಓಡಿಸಿದ್ದು 1835ರಲ್ಲಿ ಸ್ಥಾಪಿತವಾದ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿ. ತನ್ನ ನಿಲ್ದಾಣಗಳ ಮರಗೆಲಸಕ್ಕೆ ಅದು ಬಳಿಸುತ್ತಿದ್ದ ಎರಡು ಬಣ್ಣಗಳಿಗೆ ‘ತಿಳಿಗಲ್ಲು’, ‘ಗಾಢಗಲ್ಲು’ ಎಂಬ ಅರ್ಥದ ಹೆಸರುಗಳಿದ್ದವು. ಕಲ್ಲೆಂದೊಡನೆ ಬೂದುಬಣ್ಣವನ್ನು ನೆನೆಯುವವನು ಇಲ್ಲಿ ಮೋಸಹೋಗುತ್ತಾನೆ; ಅವೆರಡೂ ಹಳದಿ ಮಣ್ಣಿನ ಜಾತಿಗೆ ಸೇರಿದ ಬಣ್ಣಗಳು. ಇನ್ನೊಂದು ಮೋಸವೂ ಉಂಟು. ಈ ಕಂಪನಿಯ ಪ್ರಯಾಣಿಕರ ಡಬ್ಬಿಗಳು ಚಾಕೊಲೇಟು ಕಂದು ಮತ್ತು ಕೆನೆಬಣ್ಣಗಳಿಂದ ಪ್ರಸಿದ್ಧವಾಗಿದ್ದವು. ಹೊಸ ಹವ್ಯಾಸಿ ಅವೇ ಬಣ್ಣಗಳನ್ನು ನಿಲ್ದಾಣಕ್ಕೂ ಬಳಿದುಬಿಡುತ್ತಾನೆ. ಬ್ರಿಟನ್ನಿನ ರೈಲ್ವೆಗಳು 1948ರಲ್ಲಿ ರಾಷ್ಟ್ರೀಕೃತವಾದ ಬಳಿಕ ಪ್ರತಿ ವಲಯಕ್ಕೂ ಒಂದು ಬಣ್ಣ ಗೊತ್ತಾಯಿತು. ಪಶ್ಚಿಮ ವಲಯದ ನಿಲ್ದಾಣಗಳಿಗೆ ಕಂದು ಮತ್ತು ಕೆನೆಬಣ್ಣ ಬಂದದ್ದು ಆಗ. ಹೀಗಾಗಿ 1930ರ ನಿಲ್ದಾಣವೆಂದು ಹೇಳಿ ಅದಕ್ಕೆ ಕೆನೆಬಣ್ಣ ಹಚ್ಚಿದರೆ, ನೋಡಲು ಎಷ್ಟೇ ಅಂದವಾಗಿದ್ದರೂ ಅದು ಕಾಲಕ್ಕೆ ಒಪ್ಪದ ಕಟ್ಟಡ.

ಹಳೆಯ ಛಾಯಾಚಿತ್ರಗಳು ಇಲ್ಲಿ ನೆರವಾಗಬೇಕು. ಆದರೆ ಅವು ಕಪ್ಪುಬಿಳುಪಿನವು. ಹಿಂದೆ ಬಳಕೆಯಲ್ಲಿದ್ದ ಕೆಲವು ಬಗೆಯ ಛಾಯಾಫಲಕಗಳು ಕೆಂಪು ಬೆಳಕಿಗೆ ಸ್ಪಂದಿಸುತ್ತಲೇ ಇರಲಿಲ್ಲ. ಆದುದರಿಂದ ಅಂಥ ಚಿತ್ರದಲ್ಲಿ ಕೆಂಪು ಬಾಗಿಲು ಕರಿಯ ಬಾಗಿಲಾಗಿಯೂ, ನೀಲಿ ಆಕಾಶ ಬಿಳಿಯ ಬಯಲಾಗಿಯೂ ಕಾಣುತ್ತದೆ. ಚಿತ್ರದಿಂದ ತಿಳಿಯುವುದು ಒಂದು ಭಾಗಕ್ಕಿಂತ ಇನ್ನೊಂದು ಬೇರೆ ಬಣ್ಣದ್ದಾಗಿತ್ತು ಎಂಬುದಷ್ಟೆ. ಆ ಬಣ್ಣ ಯಾವುದೆಂದಲ್ಲ.

ಕಟ್ಟಡದ ಒಂದು ತುಂಡಾದರೂ ಉಳಿದಿದ್ದರೆ ಅದು ಹೆಚ್ಚಿನ ಸಾಕ್ಷಿ. ಬಾಗಿಲುಚೌಕಟ್ಟಿನ ಒಂದೆಡೆಯನ್ನು ಮರಳುಕಾಗದದಿಂದ ಮೆಲ್ಲಗೆ ಉಜ್ಜಿದರೆ, ಕಡಿದ ಮರದ ಬುಡದಲ್ಲಿ ಬಳೆಗಳು ಕಾಣುವಂತೆ, ಒಂದರ ಕೆಳಗೊಂದು ಬಳಿದ ಬಣ್ಣಗಳು ವರ್ತುಲಗಳಾಗಿ ತೋರುತ್ತವೆ. ಈ ಸಾಕ್ಷಿಯನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ಅಗಸೆಎಣ್ಣೆಯಲ್ಲಿ ಕಲಸಿದ ಬಣ್ಣ ಬೆಳಕು ಕಾಣದೆ ಮುಚ್ಚಿಹೋದಾಗ ಹಳದಿಗೆ ತಿರುಗುತ್ತದೆ. ಸೀಸದ ಬಿಳುಪು ಸೇರಿದ್ದರೆ ಗಾಳಿಯಲ್ಲಿನ ಗಂಧಕದ ಅನಿಲದೊಡನೆ ಕೂಡಿ ಕಪ್ಪಾಗುತ್ತದೆ. ಇಷ್ಟರ ಮೇಲೆ, ಬಿಸಿಲುಮಳೆಗೆ ಒಡ್ಡಿದ ಬಣ್ಣ ಕೆಲವೇ ವರ್ಷಗಳಲ್ಲಿ ಮಂಕಾಗುತ್ತದೆ. ಆದ್ದರಿಂದ ‘ಆ ನಿಲ್ದಾಣದ ಬಣ್ಣ ಯಾವುದು?’ ಎಂಬ ಪ್ರಶ್ನೆಯ ಜೊತೆಗೇ ‘ಬಳಿದು ಎಷ್ಟು ವರ್ಷವಾದ ಮೇಲೆ?’ ಎಂದೂ ಕೇಳಬೇಕಾಗುತ್ತದೆ.

ಕಡೆಗೆ ನಿಜವಾದ ಬಣ್ಣವೇ ದೊರೆಯಿತೆನ್ನೋಣ. ಅದನ್ನು ಹಾಗೆಯೇ ಡಬ್ಬಿಯಿಂದ ತೆಗೆದು ಕಿರುಕಟ್ಟಡಕ್ಕೆ ಬಳಿದರೆ ಅದು ನಿಜವೆನಿಸುವುದಿಲ್ಲ! ವಿಚಿತ್ರವಾದರೂ ಇದಕ್ಕೆ ಕಾರಣವಿದೆ. ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ದೂರದ ಬೆಟ್ಟ ನುಣ್ಣಗೆ ಕಾಣುವುದಷ್ಟೇ ಅಲ್ಲ, ಅದರ ಹಸುರು ಮಾಸಿ ನೀಲಿಗೆ ತಿರುಗಿರುತ್ತದೆ. ನೋಡುವವನಿಗೂ ಬೆಟ್ಟಕ್ಕೂ ನಡುವಿನ ಗಾಳಿ ಬೆಳಕನ್ನು ಚದುರಿಸುವುದೇ ಇದಕ್ಕೆ ಕಾರಣ. ಎಪ್ಪತ್ತಾರರಲ್ಲಿ ಒಂದು ಪಾಲಿನ ನಿಲ್ದಾಣವನ್ನು ಅರವತ್ತು ಸೆಂಟಿಮೀಟರು ದೂರದಿಂದ ನೋಡುವುದೆಂದರೆ, ನಿಜವಾದ ನಿಲ್ದಾಣವನ್ನು ಸುಮಾರು 45 ಮೀಟರು ದೂರದಿಂದ ನೋಡಿದಂತೆ. ಅಷ್ಟು ದೂರದಲ್ಲಿ ಬಣ್ಣದ ಬಿರುಸು ಸ್ವಲ್ಪ ತಗ್ಗಿರುತ್ತದೆ. ಆದ್ದರಿಂದ ಅನುಭವಿಗಳು ಮೂಲಬಣ್ಣಕ್ಕೆ ತುಸು ಬೂದುಬಣ್ಣವನ್ನೋ ಮಾಸಲು ಬಿಳಿಯನ್ನೋ ಬೆರೆಸಿಕೊಳ್ಳುತ್ತಾರೆ. ಅಚ್ಚಬಿಳಿಯನ್ನು ಸುರಿದರೆ ಕೆಲಸ ಕೆಡುತ್ತದೆ. ಇಟ್ಟಿಗೆಯ ಕೆಂಪು ಗುಲಾಬಿಯಾದೀತು. ಎಷ್ಟು ಬೆರೆಸಬೇಕೆಂಬುದಕ್ಕೆ ಸೂತ್ರವಿಲ್ಲ. ರಟ್ಟಿನ ಚೂರಿಗೆ ಬಳಿದು, ಒಣಗಲು ಬಿಟ್ಟು ನೋಡಬೇಕು. ಹಸಿಯಾಗಿದ್ದಾಗಿನ ಬಣ್ಣವೇ ಒಣಗಿದ ಮೇಲೂ ಇರುತ್ತದೆಂದು ನೆಚ್ಚುವಂತಿಲ್ಲ.

ಆ ಚೂರನ್ನು ನೋಡಬೇಕಾದುದು ಅಂಗಳದ ಬಿಸಿಲಿನಲ್ಲಲ್ಲ, ಪ್ರತಿಕೃತಿಯನ್ನು ಇಡುವ ಕೋಣೆಯ ದೀಪದ ಬೆಳಕಿನಲ್ಲಿ. ತಂತಿ ಕಾದು ಉರಿಯುವ ಬಲ್ಬಿನ ಹಳದಿ ಬೆಳಕಿನಲ್ಲಿ ತಿಳಿಗಲ್ಲಿನ ಬಣ್ಣ ಇನ್ನಷ್ಟು ಹಳದಿಯಾಗುತ್ತದೆ, ನೀಲಿ ಮಂಕಾಗುತ್ತದೆ. ಹೊಳಪಂತೂ ಕೂಡದು. ಕಿರುಗೋಡೆಯ ಮೇಲೆ ದೀಪದ ಮಿನುಗು ಬಿದ್ದೊಡನೆ ಅದು ಆಟಿಗೆಯೆಂಬ ಗುಟ್ಟು ರಟ್ಟಾಗುತ್ತದೆ.

ಇನ್ನು ಉಳಿದುದು ಮಸಿ. ಕಲ್ಲಿದ್ದಲಿನ ಎಂಜಿನುಗಳ ಕಾಲದಲ್ಲಿ ನಿಲ್ದಾಣ ತೊಳೆದಿಟ್ಟ ತಟ್ಟೆಯಂತೆ ಇರುತ್ತಿರಲಿಲ್ಲ. ಹಾಗೆಂದು ಕಟ್ಟಡಕ್ಕೆಲ್ಲ ಮಸಿ ಬಳಿಯುವುದು ಅವಿವೇಕ. ಮಸಿಗೂ ಅದರದೇ ಸ್ಥಳವಿದೆ. ಹಳಿಗಳನ್ನು ದಾಟುವ ಮೇಲ್ಸೇತುವೆಯ ತಳ, ಎಂಜಿನು ಬಂದು ನಿಲ್ಲುವ ಕಡೆಯ ಚಾವಣಿಯ ಅಂಚು, ಇವು ಕಪ್ಪಾಗಿರುತ್ತವೆ. ಮಳೆನೀರಿನ ದೋಣಿಯನ್ನು ಹಿಡಿದಿರುವ ಕಬ್ಬಿಣದ ಕೊಂಡಿಯ ಕೆಳಗೆ ತುಕ್ಕಿನ ಸಣ್ಣ ಗೆರೆ ಇಳಿದಿರುತ್ತದೆ. ಬಾಗಿಲಿನ ಹಿಡಿಯ ಸುತ್ತ ಕೈಗಳು ಸೋಕಿ, ಕೆಳಭಾಗದಲ್ಲಿ ಪೆಟ್ಟಿಗೆಗಳು ತಾಕಿ ಬಣ್ಣ ಸವೆದಿರುತ್ತದೆ. ಸೀಮೆಸುಣ್ಣದ ಬಣ್ಣದ ಪುಡಿಯನ್ನು ಒಣಕುಂಚದಿಂದ ಅಲ್ಲಲ್ಲಿ ಸವರಿ, ಹೆಚ್ಚಾದುದನ್ನು ಊದಿಬಿಟ್ಟರೆ ಸಾಕು. ಇದಾದ ಬಳಿಕ ನಿಲ್ದಾಣವನ್ನು ಹಳಿಯ ಬದಿಗಿಟ್ಟು, ಎರಡು ಸೆಂಟಿಮೀಟರು ಎತ್ತರದ ನಿಲ್ದಾಣಾಧಿಕಾರಿಯನ್ನು ಬಾಗಿಲ ಮುಂದೆ ನಿಲ್ಲಿಸುತ್ತಾರೆ.