ಗುಂಡನಿಗೆ ಮನೆ ಗೊತ್ತು

ನಮ್ಮ ಗುಂಡನಿಗೆ ಕಣ್ಣು ಕಾಣಿಸುವುದಿಲ್ಲ ಎಂಬ ಸುದ್ದಿ ನೆಂಟರಿಷ್ಟರಿಗೆ ಮುಟ್ಟುತ್ತಲೇ ಎಲ್ಲರೂ ಕೊಟ್ಟ ಸಲಹೆ ಒಂದೇ: ಊರಿಗೆ ಕಳಿಸಿಬಿಡಿ. ಊರೆಂದರೆ ಕುಂದಾಪುರದಿಂದ ಸ್ವಲ್ಪ ಒಳಗಿರುವ ನನ್ನ ಗಂಡನ ಮೂಲಮನೆ. ವಿಶಾಲ ಅಂಗಳ, ಹಿಂದೆ ತೋಟ, ಬಚ್ಚಲೊಲೆಯ ಬೆಚ್ಚನೆ ಮೂಲೆ. ಇಲ್ಲಿ ಮುಂಬಯಿಯ ಮುಲುಂಡಿನಲ್ಲಿ ನಮ್ಮದು ಒಂದು ಹಾಲ್, ಒಂದು ಬೆಡ್‌ರೂಮ್, ಅಡಿಗೆಮನೆ. ಅಷ್ಟರಲ್ಲೇ ನಾವಿಬ್ಬರು, ಮಗಳು, ಅತ್ತೆ, ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್ ಗುಂಡ. "ಅಲ್ಲ್ ಅಂಗ್ಳ ಇತ್ತಲ್ಲ, ಆರಾಮಿರತ್ತ್" ಎಂದು ಭಾವ ಫೋನಿನಲ್ಲಿ ಹೇಳಿದಾಗ ಅದರಲ್ಲಿ ಪ್ರೀತಿಯೇ ಇತ್ತು. ಆದರೂ ಆ ಸಲಹೆಯನ್ನು ನಾವು ಒಪ್ಪಲಿಲ್ಲ. ಇಷ್ಟು ವರ್ಷ ಅವನ ಜೊತೆ ಬದುಕಿದ ಮೇಲೆ ನನಗೆ ಖಚಿತವಾಗಿರುವುದು ಇದು: ಕಣ್ಣಿಲ್ಲದ ನಾಯಿಗೆ ಜಾಗ ದೊಡ್ಡದಿರಬೇಕಾಗಿಲ್ಲ, ಇಟ್ಟದ್ದು ಇಟ್ಟಲ್ಲೇ ಇರಬೇಕು.

ಊರಿನ ಅಂಗಳ ಗುಂಡನಿಗೆ ಗೊತ್ತೇ ಇಲ್ಲದ ಲೋಕ. ಗಿಡ್ಡ ಕಟ್ಟೆಯ ಬಾವಿ, ತೋಟದೊಳಗಿನ ಕಣಿಗಳು, ಮಳೆಗಾಲದಲ್ಲಿ ಎಲ್ಲೆಂದರಲ್ಲಿ ಹಾವು. ಅಲ್ಲಿಗೆ ಅವನನ್ನು ಮುಟ್ಟಿಸುವುದಾದರೂ ಹೇಗೆ? ಮತ್ಸ್ಯಗಂಧ ರೈಲಿನಲ್ಲಿ ಗಾರ್ಡ್ ಡಬ್ಬಿಯ ಪೆಟ್ಟಿಗೆಯೊಳಗೆ ಒಂದು ರಾತ್ರಿಯಿಡೀ, ಗುರುತಿನ ವಾಸನೆಯೊಂದೂ ಇಲ್ಲದೆ, ಗಾಲಿಗಳ ಗದ್ದಲದ ನಡುವೆ ಅವನು ಮಲಗಿರುವುದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವನ ದೃಷ್ಟಿ ಒಂದೇ ದಿನ ಹೋದದ್ದಲ್ಲ. ಆರು ವರ್ಷದವನಾಗಿದ್ದಾಗ ಸಂಜೆ ವಾಕಿಂಗ್ ಮುಗಿಸಿ ಬರುವಾಗ ಬಿಲ್ಡಿಂಗಿನ ಪಾರ್ಕಿಂಗ್ ಜಾಗದ ಕತ್ತಲಲ್ಲಿ ಕಾಲು ಮುಂದಿಡದೆ ನಿಂತುಬಿಡುತ್ತಿದ್ದ. ಹಗಲು ಚೆಂಡು ಎಸೆದರೆ ಹಿಡಿಯುತ್ತಿದ್ದ. ಫೋಟೊ ತೆಗೆದರೆ ಕಣ್ಣುಗಳು ಮೊದಲಿಗಿಂತ ಹೆಚ್ಚು ಹೊಳೆಯುತ್ತಿದ್ದವು, ಪಾಪೆ ಹಗಲಲ್ಲೂ ಅಗಲವಾಗಿಯೇ ಇರುತ್ತಿತ್ತು. "ಇವನಿಗೆ ಇರುಳುಗಣ್ಣು ಬಂದಿತ್ತ್ ಕಾಣಿ" ಎಂದು ಮೊದಲು ಹೇಳಿದವರು ಅತ್ತೆ. ಡಾಕ್ಟರರೂ ಆಮೇಲೆ ಅದನ್ನೇ ಹೇಳಿದರು. ಕಣ್ಣಿನ ಹಿಂಬದಿಯ ರೆಟಿನಾದಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ಕೋಶಗಳು ಮೊದಲು ಸಾಯುತ್ತವೆ, ಹಗಲಿನ ದೃಷ್ಟಿಯ ಕೋಶಗಳು ನಂತರ. ಪ್ರೊಗ್ರೆಸಿವ್ ರೆಟಿನಲ್ ಅಟ್ರೊಫಿ ಎಂದು ಅದರ ಹೆಸರು, ಚಿಕ್ಕದಾಗಿ ಪಿಆರ್‌ಎ. ತಂದೆ ತಾಯಿ ಇಬ್ಬರಿಂದಲೂ ಬರುವ ಅನುವಂಶೀಯ ದೋಷವದು. ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್, ಪೂಡಲ್ ಮೊದಲಾದ ತಳಿಗಳಲ್ಲಿ ಕಾಣುವ ಒಂದು ಬಗೆಗೆ ಕಾರಣವಾದ ಜೀನ್ ಯಾವುದೆಂದು 2006ರಲ್ಲೇ ಪತ್ತೆಯಾಗಿದೆ. ಮರಿ ಹಾಕಿಸುವ ಮುನ್ನ ತಂದೆ ತಾಯಿಯ ರಕ್ತ ಪರೀಕ್ಷೆ ಮಾಡಿಸಿದರೆ ಈ ರೋಗದ ಮರಿ ಹುಟ್ಟದಂತೆ ತಡೆಯಬಹುದು. ಈ ಶಹರದಲ್ಲಿ ಮರಿ ಮಾರುವವರು ಅದನ್ನು ಮಾಡಿಸುವ ತನಕ, ಕೊಳ್ಳುವವರಾದರೂ ಆ ಪ್ರಶ್ನೆ ಕೇಳಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ತೋರಿಸಲು ಹೋದದ್ದು ಪರೇಲಿಗೆ. ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ, ಹಳೆಯ ಮುಂಬೈಕರರ ಬಾಯಲ್ಲಿ ಬೈಲ್ ಘೋಡಾ ಆಸ್ಪತ್ರೆ. ಎತ್ತು ಕುದುರೆಗಳೇ ಊರನ್ನು ಎಳೆಯುತ್ತಿದ್ದ ಕಾಲದಲ್ಲಿ ಎದ್ದ ಆಸ್ಪತ್ರೆಯದು. 1886ರಲ್ಲಿ ಮುಂಬಯಿಯ ಪಶುವೈದ್ಯ ಕಾಲೇಜು ಶುರುವಾದದ್ದೂ ಅದೇ ಆವರಣದಲ್ಲಿ. ಮುಲುಂಡಿನ ರಿಕ್ಷಾ ಸಾಯನ್ ದಾಟುವಂತಿಲ್ಲ, ಅಲ್ಲಿಂದ ಟ್ಯಾಕ್ಸಿ. ಡಾಕ್ಟರರು ಗುಂಡನ ಮುಂದೆ ಹತ್ತಿಯ ಉಂಡೆಯೊಂದನ್ನು ಮೇಲಿನಿಂದ ಬಿಟ್ಟರು. ಹತ್ತಿ ಬಿದ್ದರೆ ಸದ್ದಿಲ್ಲ, ವಾಸನೆಯೂ ಇಲ್ಲ, ಕಣ್ಣಿದ್ದ ನಾಯಿ ಮಾತ್ರ ಅದನ್ನು ನೋಟದಿಂದ ಹಿಂಬಾಲಿಸುತ್ತದೆ. ಗುಂಡ ನನ್ನ ಕಡೆಗೇ ಮುಖ ಮಾಡಿ ಬಾಲ ಆಡಿಸುತ್ತಿದ್ದ.

ಅಷ್ಟರಲ್ಲಿ ಕಣ್ಣಿನಲ್ಲಿ ಬಿಳಿ ಪೊರೆಯೂ ಬಂದಿತ್ತು. ಪೊರೆ ತೆಗೆಸಿದರೆ ಕಾಣಿಸೀತು ಎಂಬ ಆಸೆ ನಮ್ಮದು. ಅದಕ್ಕೆ ಮೊದಲು ರೆಟಿನಾ ಬದುಕಿದೆಯೇ ಎಂದು ನೋಡಬೇಕು, ಇಆರ್‌ಜಿ ಮಾಡಿಸಿ ಎಂದರು. ಕಣ್ಣಿನ ಮೇಲ್ಪದರಕ್ಕೆ ತಂತಿ ತಾಗಿಸಿ ಬೆಳಕು ಮಿನುಗಿಸಿದಾಗ ರೆಟಿನಾ ಹೊರಡಿಸುವ ವಿದ್ಯುತ್ತನ್ನು ಅಳೆಯುವ ಪರೀಕ್ಷೆ. ಪರದೆಯ ಮೇಲೆ ಗೆರೆ ಏಳಲೇ ಇಲ್ಲ. ಪಿಆರ್‌ಎ ಕೊನೆಯ ಹಂತಕ್ಕೆ ಬಂದಾಗ ಪೊರೆ ಕೂಡ ಬರುವುದುಂಟಂತೆ. ಅದನ್ನು ತೆಗೆದು ಪ್ರಯೋಜನವಿಲ್ಲ. ಆ ಪರೀಕ್ಷೆ ಅವನನ್ನು ವ್ಯರ್ಥ ಶಸ್ತ್ರಕ್ರಿಯೆಯಿಂದ ಉಳಿಸಿತು. ಈ ರೋಗದಲ್ಲಿ ನೋವಿಲ್ಲ ಎಂದು ಡಾಕ್ಟರರು ಹೇಳಿದಾಗ ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ.

ಎಲ್ಲ ಕುರುಡೂ ಹೀಗೆ ನೋವಿಲ್ಲದ್ದಲ್ಲ, ಎಲ್ಲವೂ ವಾಸಿಯಾಗದ್ದೂ ಅಲ್ಲ. ನಾಯಿ ಸಾಕಿದವರು ಇದನ್ನು ದಯವಿಟ್ಟು ಗಮನಿಸಬೇಕು. ಕಣ್ಣು ಕೆಂಪಾಗಿ ಉಬ್ಬಿದ್ದರೆ ಒಳಗಿನ ಒತ್ತಡ ಏರಿದ್ದಿರಬಹುದು. ಅದು ಗ್ಲೊಕೋಮಾ, ಅಸಾಧ್ಯ ನೋವು. ಅದೇ ದಿನ ಡಾಕ್ಟರರಲ್ಲಿಗೆ ಓಡಬೇಕು. ಮುಂಬಯಿಯಂಥ ಸೆಕೆಯ ಊರಲ್ಲಿ ವರ್ಷವಿಡೀ ಇರುವ ಉಣ್ಣೆಗಳಿಂದ ಬರುವ ಜ್ವರ ಕಣ್ಣಿನೊಳಗೆ ಉರಿಯೂತ ತರಬಲ್ಲದು, ರಕ್ತ ಇಳಿಸಬಲ್ಲದು, ರೆಟಿನಾವನ್ನು ಕಿತ್ತುಬರಿಸಬಲ್ಲದು. ಬೇಗ ಔಷಧಿ ಬಿದ್ದರೆ ದೃಷ್ಟಿ ಉಳಿಯುವ ಸಾಧ್ಯತೆಯಿದೆ. ಸಕ್ಕರೆ ಕಾಯಿಲೆ ಬಂದ ನಾಯಿಗಳಲ್ಲಿ ಹೆಚ್ಚಿನವಕ್ಕೆ ಪೊರೆ ಬರುತ್ತದೆ, ರೆಟಿನಾ ಸರಿಯಿದ್ದರೆ ಅದನ್ನು ತೆಗೆಯಬಹುದು. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಕಣ್ಣಿನ ಹನಿ ತಂದು ಹಾಕುವ ಅಭ್ಯಾಸ ಮಾತ್ರ ಬೇಡವೇ ಬೇಡ. ಕಣ್ಣಿನ ಮೇಲೆ ಗಾಯವಿದ್ದಾಗ ಸ್ಟಿರಾಯ್ಡ್ ಹನಿ ಬಿದ್ದರೆ ಇದ್ದ ಕಣ್ಣೂ ಹೋದೀತು.

ದೃಷ್ಟಿ ಪೂರ್ತಿ ಹೋದ ಮೊದಲ ವಾರಗಳು ಕಷ್ಟದವು. ಗುಂಡ ಮಲಗಿದಲ್ಲೇ ಇರುತ್ತಿದ್ದ. ಬೆಲ್ ಆದರೂ ಬಾಗಿಲಿಗೆ ಬರುತ್ತಿರಲಿಲ್ಲ. ಮುಟ್ಟಿದರೆ ಬೆಚ್ಚಿ ಹಲ್ಲು ತೋರಿಸುತ್ತಿದ್ದ, ನಮ್ಮ ಮಗಳಿಗೂ! ಅದು ಸಿಟ್ಟಲ್ಲ, ಹೆದರಿಕೆ. ಅಂದಿನಿಂದ ಮನೆಯಲ್ಲೊಂದು ನಿಯಮ ಬಂತು: ಮೊದಲು ಹೆಸರು ಕರೆಯುವುದು, ಅವನು ಕಿವಿ ನಿಮಿರಿಸಿದ ಮೇಲೆ ಮುಟ್ಟುವುದು. ಅತ್ತೆ ಅಡಿಗೆಮನೆಯಿಂದ ಹೊರಬರುವಾಗ ಈಗಲೂ "ಗುಂಡಾ, ನಾನ್ ಬಂದೆ" ಎನ್ನುತ್ತಲೇ ಬರುತ್ತಾರೆ. ಮಗಳು ಭರತನಾಟ್ಯದ ಗೆಜ್ಜೆಯಿಂದ ಎರಡು ಬಿಡಿಸಿ ದಾರಕ್ಕೆ ಪೋಣಿಸಿ ಕಾಲಿಗೆ ಕಟ್ಟಿಕೊಂಡಳು. ಯಾರು ಎಲ್ಲಿದ್ದಾರೆಂದು ತಿಳಿದ ಮೇಲೆ ಅವನ ಮೈಯ ಬಿಗಿ ಸಡಿಲವಾಗುತ್ತ ಬಂತು.

ಮುಂಬಯಿಯ ಸಣ್ಣ ಮನೆಯಲ್ಲಿ ಯಾವುದಕ್ಕೂ ಕಾಯಂ ಜಾಗವಿರುವುದಿಲ್ಲ. ಹಗಲು ಗೋಡೆಗೆ ಒರಗಿದ ಮಂಚ ರಾತ್ರಿ ಹಾಲ್ ತುಂಬ ಬಿಚ್ಚಿಕೊಳ್ಳುತ್ತದೆ. ಊರಿನಿಂದ ಯಾರಾದರೂ ಬಂದರೆ ಚೀಲಗಳು ದಾರಿಗಡ್ಡ. ಇವೆಲ್ಲಕ್ಕೂ ಒಂದೊಂದು ಜಾಗ ಗೊತ್ತುಮಾಡಿದೆವು. ಮಡಚುವ ಮಂಚ ಮಾರಿ ದಿವಾನ್ ತಂದೆವು. ಬಂದವರ ಚೀಲ ಬೆಡ್‌ರೂಮಿನ ಮೂಲೆಗೇ. ಕುರ್ಚಿಯಿಂದ ಎದ್ದವರು ಅದನ್ನು ಒಳಕ್ಕೆ ತಳ್ಳಬೇಕು. ಟೀಪಾಯಿಯ ಮೂಲೆಗಳಿಗೆ ಹಳೆಯ ರಬ್ಬರ್ ಚಾಪೆ ಕತ್ತರಿಸಿ ಕಟ್ಟಿದೆವು. ಕಾಲಿಗೆ ಗುರುತು ಸಿಗಲಿ ಎಂದು ನೆಲದ ಮೇಲೆ ಬೇರೆ ಬೇರೆ ಹಾಸು ಹಾಕಿದೆವು: ಮುಂಬಾಗಿಲಲ್ಲಿ ತೆಂಗಿನ ನಾರಿನ ಕಾಲೊರಸು, ನೀರಿನ ಬಟ್ಟಲಿನ ಕೆಳಗೆ ಗೋಣಿ, ಹಾಸಿಗೆಯ ಮುಂದೆ ಹತ್ತಿಯ ಜಮಖಾನೆ. ಪಂಜಕ್ಕೆ ನಾರು ಚುಚ್ಚಿದರೆ ಬಾಗಿಲು ಬಂತು ಎಂದು ಅವನು ಬಹಳ ಬೇಗ ಕಲಿತ. ಎತ್ತಿಕೊಂಡು ಹೋಗಿ ಬೇರೆಡೆ ಬಿಟ್ಟರೆ ಅವನಿಗೆ ದಿಕ್ಕು ತಪ್ಪುತ್ತದೆ. ಹಾಗಾಗಿ ಎಲ್ಲಿಗೆ ಹೋದರೂ ನಡೆದೇ ಹೋಗುತ್ತಾನೆ.

ವಾಸನೆಯ ಗುರುತು ಇಡಿ ಎಂದೂ ಹೇಳುತ್ತಾರೆ. ಒಳ್ಳೆಯ ಉಪಾಯ. ಆದರೆ ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವ ಕರ್ಪೂರ ಮತ್ತು ನುಸಿಗುಳಿಗೆ ಎರಡೂ ನಾಯಿಗೆ ವಿಷ. ನಾವು ಯಾವ ಪರಿಮಳವನ್ನೂ ಹಚ್ಚಲಿಲ್ಲ. ಮನೆಯಲ್ಲಿ ಇರುವ ವಾಸನೆಗಳೇ ಅವನಿಗೆ ಸಾಕಾಗಿದ್ದವು: ದೇವರ ಮೂಲೆಯ ಎಣ್ಣೆ, ಒಗ್ಗರಣೆಯ ಅಡಿಗೆಮನೆ, ಚಪ್ಪಲಿ ಸ್ಟ್ಯಾಂಡು. 2022ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ನಾಯಿಗಳ ಮಿದುಳನ್ನು ಸ್ಕ್ಯಾನ್ ಮಾಡಿ, ವಾಸನೆ ಗ್ರಹಿಸುವ ಭಾಗದಿಂದ ನೋಟದ ಭಾಗಕ್ಕೆ ನೇರ ನರಮಾರ್ಗ ಇರುವುದನ್ನು ತೋರಿಸಿದರು. ಕುರುಡು ನಾಯಿಗಳು ಇಷ್ಟು ಚೆನ್ನಾಗಿ ಓಡಾಡುವುದಕ್ಕೆ ಇದೂ ಕಾರಣವಿರಬಹುದು ಎಂದರು. ಅದನ್ನು ಓದಿದ ದಿನ ಬಂಗುಡೆ ಬೇಯಿಸಿ, ಮುಳ್ಳು ಬಿಡಿಸಿ, ಚೂರುಗಳನ್ನು ಹಾಲ್‌ನಲ್ಲಿ ಅಲ್ಲಲ್ಲಿ ಅಡಗಿಸಿಟ್ಟೆ. ಗುಂಡ ಒಂದನ್ನೂ ಬಿಡಲಿಲ್ಲ! ಆಮೇಲೆ ಅದು ದಿನದ ಆಟವಾಯಿತು. ಓಟ ಕಡಿಮೆಯಾದ ಲ್ಯಾಬ್ರಡಾರ್ ಬೇಗ ದಪ್ಪವಾಗುತ್ತದೆ ಎಂದು ಡಾಕ್ಟರರು ಎಚ್ಚರಿಸಿದ್ದರಿಂದ ಹೆಚ್ಚಿನ ದಿನ ಗಜ್ಜರಿಯ ಚೂರು, ಭಾನುವಾರ ಮಾತ್ರ ಮೀನು.

ಹೊರಗೆ ಹೋಗುವುದಕ್ಕೆ ಮಾತು ಬೇಕಾಯಿತು. "ಮೆಟ್ಲು", "ಇಳಿ", "ನಿಲ್ಲು", "ಹುಷಾರ್" ಇಷ್ಟೇ. ಮನೆಯ ಎಲ್ಲರೂ ಅದೇ ಮಾತನ್ನು ಅದೇ ಧಾಟಿಯಲ್ಲಿ ಹೇಳಬೇಕು. ಉತ್ತರ ಪ್ರದೇಶದ ನಮ್ಮ ವಾಚ್‌ಮನ್ ಕೂಡ "ಮೆಟ್ಲು" ಕಲಿತರು. ಬೆಲ್ಟಿಗೆ ಹಿಂದಿ ಮರಾಠಿ ಎರಡರಲ್ಲೂ "ಕುರುಡು ನಾಯಿ, ಕೇಳಿ ಮುಟ್ಟಿ" ಎಂದು ಬರೆದ ಪಟ್ಟಿ ಹೊಲಿದೆವು. ಲಿಫ್ಟಿನಲ್ಲಿ ಕಚ್ಚಿದರೆ ಎಂದು ಸೊಸೈಟಿಯ ಸಭೆಯಲ್ಲಿ ಆಕ್ಷೇಪ ಬಂದಾಗ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಸಾಕುನಾಯಿಗೆ ಲಿಫ್ಟ್ ನಿರಾಕರಿಸುವಂತಿಲ್ಲ ಎಂದಿರುವುದನ್ನು ನನ್ನ ಗಂಡ ಓದಿ ಹೇಳಿದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಬೀದಿನಾಯಿಗಳ ವಿಷಯ ಬೇರೆ. ನಾಯಿಗಳು ಒಂದರ ಕಣ್ಣು ಇನ್ನೊಂದು ನೋಡಿ ಇಂಗಿತ ತಿಳಿಯುತ್ತವೆ. ಗುಂಡನ ಕದಲದ ನೋಟವನ್ನು ಅವು ಸವಾಲೆಂದು ತಿಳಿದು ಗುರ್ ಎನ್ನುತ್ತಿದ್ದವು. ಅವು ಮಲಗಿರುವ ಹೊತ್ತು ನೋಡಿ ಬೆಳಗಿನ ಜಾವ ಹೊರಡುತ್ತೇವೆ. ಕತ್ತಲಾದ ಮೇಲೆ ನ್ಯಾಶನಲ್ ಪಾರ್ಕಿನ ಗುಡ್ಡದ ಕಡೆಯ ರಸ್ತೆಗೆ ಹೋಗುವುದಿಲ್ಲ, ಆ ಕಾಡಿನ ಚಿರತೆಗಳು ನಾಯಿಗಳನ್ನೂ ಬೇಟೆಯಾಡುತ್ತವೆ.

ಮಳೆಗಾಲ ಮತ್ತು ಹಬ್ಬಗಳು ಅವನಿಗೆ ನಿಜವಾದ ಕತ್ತಲು. ಮಳೆ ರಸ್ತೆಯ ವಾಸನೆಗಳನ್ನೆಲ್ಲ ತೊಳೆದುಬಿಡುತ್ತದೆ, ತಗಡಿನ ಮೇಲಿನ ಸದ್ದು ಬೇರೆಲ್ಲ ಸದ್ದನ್ನೂ ನುಂಗುತ್ತದೆ. ನೀರು ನಿಂತ ರಸ್ತೆಗೆ ಅವನನ್ನು ಇಳಿಸುವುದೇ ಇಲ್ಲ. 2017ರ ಆಗಸ್ಟ್ 29ರ ಮಳೆಯಲ್ಲಿ ತೆರೆದ ಮ್ಯಾನ್‌ಹೋಲಿಗೆ ಬಿದ್ದು ಈ ಶಹರದ ಹೆಸರಾಂತ ವೈದ್ಯರೊಬ್ಬರೇ ತೀರಿಕೊಂಡರು. ಕಣ್ಣಿದ್ದವರಿಗೇ ಹಾಗಾದ ಮೇಲೆ ಇವನ ಪಾಡೇನು? ಇಲಿ ಮೂತ್ರ ಬೆರೆತ ನೀರಿನಿಂದ ಲೆಪ್ಟೊ ಬರುವ ಹೆದರಿಕೆ ಬೇರೆ. ಅದರ ಲಸಿಕೆ ಪ್ರತಿ ವರ್ಷ ಮಳೆಗೆ ಮೊದಲೇ ಹಾಕಿಸುತ್ತೇವೆ. ಗಣಪತಿ ವಿಸರ್ಜನೆಯ ಢೋಲು ತಾಶೆ, ದೀಪಾವಳಿಯ ಪಟಾಕಿಯ ದಿನಗಳಲ್ಲಿ ಯಾರಾದರೊಬ್ಬರು ಬೆಡ್‌ರೂಮಿನ ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ ಅವನ ಪಕ್ಕ ನೆಲದ ಮೇಲೆ ಮೈ ತಾಗಿಸಿ ಮಲಗುತ್ತೇವೆ. ಹೆಚ್ಚಾಗಿ ಅತ್ತೆಯೇ.

ಇಷ್ಟೆಲ್ಲ ಹೊಂದಿಕೊಂಡ ಮೇಲೆ ನಮ್ಮ ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಯಿತು. ಮುಂಬಯಿಯಲ್ಲಿ ಹಳೆಯ ಸೊಸೈಟಿಗಳಿಗೆಲ್ಲ ಒಂದಲ್ಲ ಒಂದು ದಿನ ಬರುವ ಯೋಗವಿದು. ಎಲ್ಲರೂ ಮನೆ ಖಾಲಿ ಮಾಡಿ ಹೊಸ ಕಟ್ಟಡ ಏಳುವ ತನಕ ವರ್ಷಗಟ್ಟಲೆ ಬಾಡಿಗೆಗೆ ಇರಬೇಕು. ನಾಯಿ ಎಂದರೆ ಮನೆ ಕೊಡುವುದಿಲ್ಲ ಎಂದವರು ಅನೇಕರು. ಕೊನೆಗೆ ಎರಡು ಗಲ್ಲಿ ಆಚೆ, ಬಿಲ್ಡರ್ ಕೊಡುವ ಬಾಡಿಗೆಗಿಂತ ದುಬಾರಿಯಾದರೂ, ಒಂದು ಮನೆ ಹಿಡಿದೆವು. ಬೆಳಗಿನ ವಾಕಿಂಗಿನ ದಾರಿಯಲ್ಲಿ ಅರ್ಧದಷ್ಟಾದರೂ ಹಳೆಯದೇ ಉಳಿಯಲಿ ಎಂಬ ಒಂದೇ ಕಾರಣಕ್ಕೆ.

ಸಾಮಾನು ಹೋಗುವ ದಿನ ಗುಂಡ ಮಗಳ ಗೆಳತಿಯ ಮನೆಯಲ್ಲಿದ್ದ. ಹೊಸ ಮನೆಯಲ್ಲಿ ದಿವಾನ್, ಟೀಪಾಯಿ, ಊಟದ ಮೇಜು ಹಳೆಯ ಮನೆಯಲ್ಲಿದ್ದ ಕ್ರಮದಲ್ಲೇ ಕೂತ ಮೇಲೆ ಅವನನ್ನು ಕರೆತಂದೆವು. ಅವನ ಹಾಸಿಗೆಯ ಬಟ್ಟೆಯನ್ನು ಬೇಕೆಂದೇ ಒಗೆದಿರಲಿಲ್ಲ. ಮೊದಲು ಹಾಸಿಗೆ ಮತ್ತು ನೀರು, ಅಷ್ಟೇ. ಅಲ್ಲಿಂದ ಬೆಲ್ಟು ಹಿಡಿದು ಬಾಗಿಲಿಗೆ, ಮತ್ತೆ ಹಾಸಿಗೆಗೆ. ಆ ದಾರಿ ಪಕ್ಕಾ ಆದ ಮೇಲೆ ಅಡಿಗೆಮನೆ. ಪ್ರತಿಸಲವೂ ಹಾಸಿಗೆಯಿಂದಲೇ ಹೊರಟು ಹಾಸಿಗೆಗೇ ಮರಳುವುದು. ಮೂಗು ಗೋಡೆಗೆ ಬಡಿಯದಿರಲೆಂದು ನನ್ನ ಗಂಡ ನೀರಿನ ಫಿಲ್ಟರಿನ ತೆಳು ಪೈಪನ್ನು ಬಳೆಯಂತೆ ಬಗ್ಗಿಸಿ ಎದೆಪಟ್ಟಿಗೆ ಕಟ್ಟಿದರು. ಗೋಡೆಗೆ ಮೊದಲು ಪೈಪು ತಾಗುತ್ತಿತ್ತು. ಮನೆ ಕಲಿತ ಮೇಲೆ ಅದನ್ನು ಅವನೇ ಒಲ್ಲೆ ಎಂದ. ಬಾಗಿಲಲ್ಲಿ ಅದೇ ನಾರಿನ ಕಾಲೊರಸು ಹಾಕಿದ್ದೆವು. ಅದು ಸಿಕ್ಕ ಕೂಡಲೇ ಅದರ ಮೇಲೆ ಕೂತು ಮೀನು ಮಾರುವ ಮಾವಶಿಯ ಕೂಗಿಗೆ ಕಿವಿ ಕೊಟ್ಟ. ಹೊಸ ವಿಳಾಸ ಹುಡುಕಿಕೊಂಡು ಅವರೂ ಬಂದಿದ್ದರು.

ಹೊಸ ಕಟ್ಟಡದ ನಕ್ಷೆ ಈಗ ನಮ್ಮ ಕೈಲಿದೆ. ಮನೆಯೊಳಗೆ ಎಲ್ಲೂ ಹೊಸ್ತಿಲು ಎತ್ತರಿಸಬೇಡಿ, ಹಾಲ್‌ಗೆ ನುಣುಪು ಟೈಲ್ಸ್ ಬೇಡ ಎಂದು ಬರೆದುಕೊಟ್ಟಿದ್ದೇವೆ. ಗುಂಡನಿಗೆ ಈಗ ವಯಸ್ಸಾಗಿದೆ, ಹಿಂಗಾಲು ಜಾರುತ್ತದೆ. ಕೀಲಿ ಸಿಕ್ಕ ದಿನವೇ ಅವನನ್ನು ಕರೆದೊಯ್ದು ತೋರಿಸೋಣ ಎಂದು ಮಗಳ ಆಸೆ. ನಾನು ಬೇಡ ಎಂದಿದ್ದೇನೆ. ಖಾಲಿ ಮನೆಯನ್ನು ಕಲಿತರೆ ಸಾಮಾನು ಬಂದ ಮೇಲೆ ಅದನ್ನೆಲ್ಲ ಮರೆತು ಮತ್ತೆ ಕಲಿಯಬೇಕಾಗುತ್ತದೆ. ದಿವಾನ್ ಎಲ್ಲಿ, ಗೋಣಿ ಎಲ್ಲಿ ಎಂದು ಅತ್ತೆ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಆಗಲೇ ಗುರುತು ಹಾಕಿಟ್ಟಿದ್ದಾರೆ. ಅವನ ಹಾಸಿಗೆಯ ಜಾಗ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅಡಿಗೆಮನೆಯ ಬಾಗಿಲ ಪಕ್ಕ ಎನ್ನುತ್ತಾರೆ ಅವರು, ಬಾಲ್ಕನಿಯ ಗಾಳಿ ಸಿಗುವಲ್ಲಿ ಎನ್ನುತ್ತೇನೆ ನಾನು.